ಬೋರ್ಡಿಂಗಿನ ಪಾಳಿ ಹಲಗೆ

ನಮ್ಮ ಬೋರ್ಡಿಂಗಿನ ಅಡುಗೆಮನೆಯ ಹೊರಗೋಡೆಯ ಮೇಲೆ ಒಂದು ಕರಿಹಲಗೆ ಇತ್ತು. ಪಾಳಿ ಹಲಗೆ ಅನ್ನುತ್ತಿದ್ದೆವು. ಎಡಗಡೆ ಬಿಳಿ ಬಣ್ಣದಲ್ಲಿ ಅಳಿಸಲಾಗದಂತೆ ಬರೆದ ಆರು ಕೆಲಸ: ಗಂಟೆ, ನೀರು, ಬಡಿಸುವುದು, ಪಾತ್ರೆ, ಅಂಗಳ, ಲಾಟೀನು. ಬಲಗಡೆ ಸೀಮೆಸುಣ್ಣದಲ್ಲಿ ಹುಡುಗರ ಹೆಸರು. ಭಾನುವಾರ ರಾತ್ರಿ ಊಟ ಮುಗಿದ ಮೇಲೆ ವಾರ್ಡನ್ ಫಾದರ್ ಒದ್ದೆ ಬಟ್ಟೆಯಲ್ಲಿ ಹಳೆ ಹೆಸರು ಒರೆಸಿ ಹೊಸದು ಬರೆಯುತ್ತಿದ್ದರು. ಕೈ ತೊಳೆದ ನೀರು ಆರುವ ಮೊದಲೇ ನಾವು ಅಲ್ಲಿ ಗುಂಪುಗೂಡುತ್ತಿದ್ದೆವು. ಗಂಟೆಯ ಪಾಳಿ ಬಂದವನಿಗೆ ವಾರವೆಲ್ಲ ಗತ್ತು. ಪಾತ್ರೆಯ ಪಾಳಿ ಬಂದವನು ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಜತೆಗಾರ ಯಾರು ಎಂದು ನೋಡುತ್ತಿದ್ದ. ಪ್ರತಿ ಕೆಲಸಕ್ಕೂ ಇಬ್ಬಿಬ್ಬರು. ಆ ಇಬ್ಬರು ಒಂದೇ ಊರಿನವರು, ಒಂದೇ ಜಾತಿಯವರು, ಒಂದೇ ತರಗತಿಯವರು ಆಗದ ಹಾಗೆ ಫಾದರ್ ನೋಡಿಕೊಳ್ಳುತ್ತಿದ್ದರು. ಆಗ ಅದು ನಮಗೆ ಗೊತ್ತಾಗಿರಲಿಲ್ಲ. ಮೂವತ್ತು ವರ್ಷ ಕಳೆದು, ಹಳೆ ವಿದ್ಯಾರ್ಥಿ ಸಂಘದ ಸಭೆಯೊಂದರಲ್ಲಿ ನಾಲ್ಕೈದು ಜನ ತಂತಮ್ಮ ಪಾಳಿಯ ಜತೆಗಾರರನ್ನು ನೆನೆಸಿಕೊಳ್ಳುತ್ತಿದ್ದಾಗ ಹೊಳೆಯಿತು.

ನಾನು ಅಲ್ಲಿಗೆ ಸೇರಿದ್ದು 1985ರ ಜೂನ್‌ನಲ್ಲಿ, ಐದನೇ ತರಗತಿಗೆ. ಕಾರವಾರದ ಕಡೆ ಪಾದ್ರಿಗಳು ನಡೆಸುವ ಹುಡುಗರ ಶಾಲೆ, ಪಕ್ಕದಲ್ಲೇ ಬೋರ್ಡಿಂಗ್. ನಮ್ಮದು ಅಂಕೋಲಾ ತಾಲೂಕಿನ ಕಡಲ ದಂಡೆಯ ಮನೆ. ಅಪ್ಪ ದೋಣಿಗೆ ಹೋಗುತ್ತಿದ್ದ, ಆಯಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದಳು. ಮಳೆಗಾಲದಲ್ಲಿ ದೋಣಿ ನೀರಿಗಿಳಿಯದ ತಿಂಗಳುಗಳಲ್ಲಿ ಫೀ ಕಟ್ಟಲು ಆಗುತ್ತಿರಲಿಲ್ಲ. ಆಗ ಅಪ್ಪ ಒಣ ಬಾಂಗಡೆಯ ಚೀಲ ತಂದು ಅಡುಗೆಮನೆಯಲ್ಲಿ ಇಳಿಸುತ್ತಿದ್ದ. ಫಾದರ್ ಅದನ್ನು ತೂಗಿಸಿ, ದರ ಹಾಕಿ, ಫೀ ಪುಸ್ತಕದಲ್ಲಿ ಜಮಾ ಬರೆದುಕೊಳ್ಳುತ್ತಿದ್ದರು. ಬಡವರ ಮಗ ಎಂದು ಫೀ ಮಾಫಿ ಮಾಡಬಹುದಿತ್ತು, ಮಾಡಲಿಲ್ಲ. ತೂಗಿ ಬರೆದುಕೊಂಡದ್ದರಿಂದಲೇ ಅಪ್ಪ ಆ ಗೇಟಿನೊಳಗೆ ತಲೆ ಎತ್ತಿ ಬರುತ್ತಿದ್ದ. ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವ ನನಗೆ ಆ ಜಮಾದ ಬೆಲೆ ಚೆನ್ನಾಗಿ ಗೊತ್ತು.

ಮಲಗುವ ಹಾಲ್‌ನಲ್ಲಿ ನನ್ನ ಎಡಕ್ಕೆ ಹೊನ್ನಾವರ ತಾಲೂಕಿನ ಕ್ರಿಶ್ಚಿಯನ್ ಹುಡುಗ, ಬಲಕ್ಕೆ ಯಲ್ಲಾಪುರದ ಕಾಡಿನ ಕಡೆಯಿಂದ ಬಂದ ಸಿದ್ದಿ ಹುಡುಗ. ಅವನಿಗೆ ಮೊದಲ ಮಳೆಗಾಲದಲ್ಲಿ ಕಡಲಿನ ಮೊರೆತಕ್ಕೆ ನಿದ್ದೆ ಬರುತ್ತಿರಲಿಲ್ಲ. ನನಗೆ ಆ ಮೊರೆತ ಕೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಎದುರು ಸಾಲಿನಲ್ಲಿ ಅರ್ಗಾದವನೊಬ್ಬ ಇದ್ದ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಮುಂದೆ ಅವನ ಮನೆ, ತೆಂಗಿನಮರ, ದೋಣಿ ಎಳೆಯುವ ದಂಡೆ ಎಲ್ಲ ಹೋದವು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇಂದಿಗೂ ಅರ್ಗಾ ಎಂದೇ ಇದೆ. ಸಂಘಕ್ಕೆ ಸದಸ್ಯರ ಪಟ್ಟಿ ಮಾಡಲು ಆ ಪುಸ್ತಕ ತೆರೆದ ದಿನ, ಅವನು ಆ ಸಾಲಿನ ಮೇಲೆ ಬೆರಳಿಟ್ಟವನು ಬಹಳ ಹೊತ್ತು ತೆಗೆಯಲಿಲ್ಲ.

ಸಂಜೆ ಇಗರ್ಜಿಯ, ಅಂದರೆ ಚರ್ಚಿನ, ಗಂಟೆಯಾದಾಗ ಕ್ರಿಶ್ಚಿಯನ್ ಹುಡುಗರು ಪ್ರಾರ್ಥನೆಗೆ ಹೋಗುತ್ತಿದ್ದರು, ಉಳಿದವರು ಹಾಲ್‌ನಲ್ಲಿ ಓದಿಗೆ ಕೂರುತ್ತಿದ್ದೆವು. ಅವರಿಗೆ ಧರ್ಮೋಪದೇಶದ ತರಗತಿ ಇದ್ದಾಗ ನಮಗೆ ನೀತಿಪಾಠ. ಸೆಪ್ಟೆಂಬರ್ 8ಕ್ಕೆ ಮೇರಿ ಮಾತೆಯ ಹಬ್ಬ, ತೆನೆ ಹಬ್ಬ. ಆ ದಿನ ಮಾತ್ರ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು, ಫಾದರ್ ಒಬ್ಬೊಬ್ಬರ ಕೈಗೂ ಹೊಸ ಭತ್ತದ ತೆನೆ ಕೊಡುತ್ತಿದ್ದರು. ನಾನದನ್ನು ಪುಸ್ತಕದ ನಡುವೆ ಇಟ್ಟುಕೊಂಡು ಮುಂದಿನ ರಜೆಗೆ ಮನೆಗೆ ಒಯ್ಯುತ್ತಿದ್ದೆ. ಆಯಿ ಅದನ್ನು ನಮ್ಮ ಹೊಸ್ತಿನ ಕದಿರಿನ ಜತೆಗೇ ಬಾಗಿಲಿಗೆ ಕಟ್ಟುತ್ತಿದ್ದಳು.

ಹಿಂದಿನದನ್ನು ಇಷ್ಟು ಹೇಳಿದ್ದು, ಸಂಘ ಕಟ್ಟಿದ ಮೇಲೆ ಇದನ್ನೆಲ್ಲ ನಾವು ಎರಡು ವರ್ಷ ಮರೆತೇ ಬಿಟ್ಟಿದ್ದೆವು ಎಂಬುದಕ್ಕಾಗಿ.

ಸಂಘದ ಮಾತು ಹುಟ್ಟಿದ್ದು 2022ರ ದೀಪಾವಳಿ ರಜೆಯಲ್ಲಿ, ಕಾರವಾರದ ಟಾಗೋರ್ ಬೀಚಿನ ಮರಳಿನ ಮೇಲೆ. ಎಂಟು ಜನ ಕೂತಿದ್ದೆವು. ಹಿಂದಿನ ವಾರ ನಮ್ಮ ಗಣಿತದ ಮಾಸ್ತರರು ತೀರಿಕೊಂಡಿದ್ದರು, ಅವರ ಮಣ್ಣಿಗೆ ಹೋದಾಗ ಒಬ್ಬರ ನಂಬರೂ ಇನ್ನೊಬ್ಬರ ಹತ್ತಿರ ಇರಲಿಲ್ಲ. ಅದು ಎಲ್ಲರಿಗೂ ನೋವಾಗಿತ್ತು. ಮರುದಿನವೇ ವಾಟ್ಸಾಪ್ ಗುಂಪು ಆಯಿತು, ತಿಂಗಳೊಳಗೆ ಇನ್ನೂರು ಜನ ದಾಟಿದರು.

ನೋಂದಣಿಯ ಕೆಲಸ ನನ್ನ ತಲೆಗೆ ಬಂತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಉದ್ದೇಶ ಹೇಳುವ ಜ್ಞಾಪನ ಪತ್ರ, ನಡೆಸುವ ರೀತಿ ಹೇಳುವ ಬೈಲಾ, ಏಳೂ ಜನರ ಗುರುತಿನ ಪತ್ರ, ಕಚೇರಿಯ ವಿಳಾಸಕ್ಕೆ ಶಾಲೆಯ ಒಪ್ಪಿಗೆ ಪತ್ರ. ನಮ್ಮ ಅರ್ಜಿ ಎರಡು ಸಲ ವಾಪಸು ಬಂತು. ಮೊದಲ ಸಲ ಒಬ್ಬನ ಆಧಾರ್ ಕಾರ್ಡಿನ ಹೆಸರಿಗೂ ಸಹಿಗೂ ಹೊಂದಿರಲಿಲ್ಲ. ಎರಡನೇ ಸಲ, ಸಂಘ ಮುಚ್ಚಿದರೆ ಉಳಿದ ಆಸ್ತಿ ಯಾರಿಗೆ ಎಂಬುದನ್ನು ನಾವು ಬೈಲಾದಲ್ಲಿ ಬರೆದೇ ಇರಲಿಲ್ಲ. ಹುಟ್ಟುವ ಮೊದಲೇ ಸಾವಿನ ಮಾತು ಯಾಕೆ ಎಂದು ಒಬ್ಬ ಬೇಸರ ಮಾಡಿಕೊಂಡ. ಆದರೆ ಆ ಕಲಮು ಬೇಕೇ ಬೇಕು. ಹಣ ಕೊಟ್ಟವರಿಗೆ ಅದು ಸದಸ್ಯರ ನಡುವೆ ಹಂಚಿಹೋಗುವುದಿಲ್ಲ ಎಂಬ ಭರವಸೆ ಅದರಲ್ಲೇ ಇದೆ. ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಸಂಘಕ್ಕೂ ದೇಣಿಗೆ ಕೊಟ್ಟವರಿಗೂ ತೆರಿಗೆ ವಿನಾಯಿತಿ ಸಿಗಲು ಆಗಿನ ಆದಾಯ ತೆರಿಗೆ ಕಾಯ್ದೆಯ 12ಎ, 80ಜಿ. ಪ್ರತಿ ವರ್ಷ ಸಾಮಾನ್ಯ ಸಭೆ ನಡೆಸಿ ಕಾರ್ಯಕಾರಿ ಸಮಿತಿಯ ಪಟ್ಟಿ, ಆಡಿಟ್ ಆದ ಲೆಕ್ಕ ಸಲ್ಲಿಸಬೇಕು. ಇದನ್ನು ಓದುವವರಲ್ಲಿ ಯಾರಾದರೂ ತಮ್ಮ ಶಾಲೆಗೆ ಸಂಘ ಕಟ್ಟುವವರಿದ್ದರೆ ಒಂದು ಮಾತು ಹೇಳುತ್ತೇನೆ: ಅಧ್ಯಕ್ಷ ಯಾರು ಎಂದು ಚರ್ಚಿಸುವ ಮೊದಲು, ಹತ್ತು ವರ್ಷ ಲೆಕ್ಕ ಬರೆಯಲು ಬೇಸರಪಡದ ಒಬ್ಬನನ್ನು ಹುಡುಕಿಕೊಳ್ಳಿ.

ಮೊದಲ ಎರಡು ವರ್ಷ ಸಮ್ಮಿಲನ ಮಾಡಿದೆವು. ಶಾಲು, ಹಾರ, ನಿವೃತ್ತ ಅಕ್ಕೋರು-ಮಾಸ್ತರರಿಗೆ ಸನ್ಮಾನ, ಮಧ್ಯಾಹ್ನ ಇಸವಾಣ ಮೀನಿನ ಊಟ. ಅದು ತಪ್ಪಲ್ಲ. ಎಂಬತ್ತು ದಾಟಿದ ನಮ್ಮ ಕನ್ನಡ ಮಾಸ್ತರರು ಅವತ್ತು ಹಾಜರಿ ಪುಸ್ತಕವಿಲ್ಲದೆ ನಮ್ಮ ತರಗತಿಯ ಹಾಜರಿ ಕರೆದರು. ಮೂವತ್ತೆರಡು ಹೆಸರು ಬಂದವು. ತೀರಿಕೊಂಡ ಇಬ್ಬರ ಹೆಸರು ಬಂದಾಗ ಇಡೀ ಸಭೆ ಎದ್ದು ನಿಂತಿತು. ಅಂಥ ದಿನ ಬದುಕಿನಲ್ಲಿ ಎಷ್ಟು ಸಿಗುತ್ತವೆ? ಆದರೆ ಆ ಉತ್ಸಾಹದಲ್ಲೇ ಶಾಲೆಯ ಗೇಟಿಗೆ ಹಳೆ ವಿದ್ಯಾರ್ಥಿಗಳ ಹೆಸರಿನ ದೊಡ್ಡ ಕಮಾನು ಕಟ್ಟುವ ತೀರ್ಮಾನವೂ ಆಯಿತು. ನಕ್ಷೆ ಬರೆಸಿದೆವು. ಎರಡು ಲಕ್ಷದ ಹತ್ತಿರ ಹಣವೂ ಬಂತು. ಶಾಲೆಗೆ ಏನು ಬೇಕು ಎಂದು ಮುಖ್ಯೋಪಾಧ್ಯಾಯ ಫಾದರ್‌ ಅವರನ್ನು ನಾವ್ಯಾರೂ ಕೇಳಲಿಲ್ಲ. ಅವರಾಗಿ ಕೇಳುವವರಲ್ಲ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಅಂಗಡಿ, ಲಾರಿ, ಜನ ಎಲ್ಲ ಗಂಗಾವಳಿ ನದಿಯ ಪಾಲಾದ ಸುದ್ದಿ. ಕುಮಟಾ, ಹೊನ್ನಾವರ ಕಡೆಯ ಪಾಲಕರು ದಿನಗಟ್ಟಲೆ ಮಕ್ಕಳ ಹತ್ತಿರ ಬರುವ ಹಾಗಿರಲಿಲ್ಲ. ಹೊನ್ನಾವರದ ಗೆಳೆಯನ ಅಣ್ಣನ ಮೊಮ್ಮಗ ಅದೇ ಬೋರ್ಡಿಂಗಿನಲ್ಲಿದ್ದ. ಒಮ್ಮೆ ನೋಡಿಕೊಂಡು ಬಾ ಎಂದು ಅವನು ಫೋನ್ ಮಾಡಿದ್ದಕ್ಕೆ ನಾನು ಹೋದದ್ದು. ಸಂಜೆ ಏಳರ ಹೊತ್ತು, ಕರೆಂಟು ಇರಲಿಲ್ಲ. ನಾವು ಮಲಗುತ್ತಿದ್ದ ಅದೇ ಹಾಲ್‌ನಲ್ಲಿ ಬಕೆಟ್ಟು, ಪಾತ್ರೆ, ಬಣ್ಣದ ಖಾಲಿ ಡಬ್ಬ ಸೇರಿ ಹದಿನೇಳು ಎಣಿಸಿದೆ. ಪ್ರತಿಯೊಂದಕ್ಕೂ ಬೇರೆ ಬೇರೆ ಸದ್ದಿನಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಮಕ್ಕಳು ಒಣಗಿದ ಒಂದು ಮೂಲೆಯಲ್ಲಿ ಟಾರ್ಚಿನ ಬೆಳಕಿಗೆ ಓದುತ್ತಿದ್ದರು.

ಅಡುಗೆಯ ಮಾವಶಿ ಚಹಾ ತಂದುಕೊಟ್ಟು ಹೇಳಿದಳು: “ನಿನ್ನೆ ರಾತ್ರೆ ಹುಡುಗ್ರು ಮಲಗಲೇ ಇಲ್ಲ ತಮಾ. ಚಾಪೆ ಹಿಡ್ಕಂಡು ಜಾಗ ಹುಡುಕ್ತೇ ಇದ್ರು. ಕಡೀಗೆ ಫಾದರ್ ಎಲ್ಲರನ್ನೂ ಇಗರ್ಜಿ ಒಳಗೆ ಮಲಗ್ಸಿದ್ರು.”

ಅವಳು ದೂರಲಿಲ್ಲ, ನಡೆದದ್ದು ಹೇಳಿದಳು ಅಷ್ಟೆ. ನನ್ನ ಬ್ಯಾಗಿನಲ್ಲಿ ಕಮಾನಿನ ನಕ್ಷೆ ಇತ್ತು. ಅದನ್ನು ಫಾದರ್‌ಗೆ ತೋರಿಸೋಣ ಎಂದೇ ಒಯ್ದಿದ್ದೆ. ಹೊರಗೆ ತೆಗೆಯಲಿಲ್ಲ.

ಅದೇ ಮಳೆಗಾಲದಲ್ಲಿ, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆಯೂ ಕುಸಿಯಿತು. ಸದಾಶಿವಗಡ ಕಡೆಯ ನಮ್ಮ ಸದಸ್ಯರು ಮುಂದಿನ ಸಭೆಗೆ ತಡವಾಗಿ ಬಂದರು. ಆ ಸಭೆಯಲ್ಲಿ ನಾನು ಮೊಬೈಲಿನಲ್ಲಿ ತೆಗೆದಿದ್ದ ಆ ಹದಿನೇಳು ಬಕೆಟ್ಟಿನ ಫೋಟೊ ತೋರಿಸಿದೆ. ಕಮಾನಿಗೆ ಹೆಚ್ಚು ಹಣ ಕೊಟ್ಟಿದ್ದವರೇ ಮೊದಲು ಎದ್ದು, ನಮ್ಮ ಹಣ ಬೋರ್ಡಿಂಗಿನ ಮಾಡಿಗೆ, ಆ ಸೋರುವ ಚಾವಣಿಗೆ ಹಾಕಿ ಅಂದರು. ಅವರ ದೊಡ್ಡತನ ನಾನು ಮರೆಯಲಾರೆ.

ಮಾಡಿನ ಕೆಲಸ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಪ್ಪಿಗೆ. ಅನುದಾನಿತ ಶಾಲೆ ಎಂದರೆ ಸರಕಾರ ಮಾಸ್ತರರ ಸಂಬಳ ಕೊಡುತ್ತದೆ; ಬೋರ್ಡಿಂಗಿನ ಮಾಡಿಗೆ ಅಲ್ಲಿಂದ ಏನೂ ಬರುವುದಿಲ್ಲ. ಕಟ್ಟಡ ಆಡಳಿತ ಮಂಡಳಿಯದು. ಕಾರವಾರ ಧರ್ಮಪ್ರಾಂತ್ಯ ಬೆಳಗಾವಿಯಿಂದ ಬೇರೆಯಾದದ್ದು 1976ರಲ್ಲಿ, ನಮ್ಮ ಬೋರ್ಡಿಂಗ್ ಅದಕ್ಕಿಂತ ಹಳೆಯದು. ಯಾರು ದುರಸ್ತಿ ಮಾಡಿಸುತ್ತಾರೆ, ಹಣ ಯಾರ ಖಾತೆಯಿಂದ ಹೋಗುತ್ತದೆ, ಕೆಲಸಗಾರ ಬಿದ್ದರೆ ಜವಾಬ್ದಾರಿ ಯಾರದು ಎಂದು ಎರಡು ಪುಟದ ಒಪ್ಪಂದ ಬರೆದೆವು. ಗೆಳೆತನದ ಕೆಲಸಕ್ಕೆ ಕಾಗದ ಯಾಕೆ ಎಂದು ಕೆಲವರು ಕೇಳಿದರು. ಕೆಲಸ ಮುಗಿದ ಮೇಲೂ ಗೆಳೆತನ ಉಳಿಯಲಿ ಎಂದೇ ಕಾಗದ.

ಆಮೇಲೆ ಶೀಟೋ ಹೆಂಚೋ ಎಂಬ ಚರ್ಚೆ. ತಗಡಿನ ಶೀಟ್ ಹಾಕಿದರೆ ಖರ್ಚು ಕಡಿಮೆ, ಮಂಗ ಹತ್ತಿದರೆ ಒಡೆಯುವ ಚಿಂತೆ ಇಲ್ಲ. ಆದರೆ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಹೊಯ್ಯುವ ನಮ್ಮ ದಂಡೆಯಲ್ಲಿ ಶೀಟಿನ ಕೆಳಗೆ ಕೂತು ಓದಿ ನೋಡಬೇಕು. ಪಕ್ಕದವನ ಮಾತೂ ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ಬೆಂಕಿಯ ಕಾವು. ನಾನು ಹೆಂಚಿನ ಪರ ಹಟ ಹಿಡಿದೆ. ಆಚಾರಿ ಮಾಡು ಹತ್ತಿ ನೋಡಿ, “ತೊಲೆ ಮತ್ತಿ ಮರದ್ದು, ಇನ್ನೂ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಆಗ್ತದೆ. ಪಕಾಸು ಹದಿನಾಲ್ಕು ವರಲೆ ತಿಂದಿದೆ. ರೀಪು ಪೂರ್ತಿ ತೆಗೀಬೇಕು” ಅಂದ. ಪಕಾಸು ಎಂದರೆ ಮಾಡಿನ ಇಳಿಜಾರಿನ ಮರ, ರೀಪು ಎಂದರೆ ಅದರ ಮೇಲೆ ಹೆಂಚು ಕೂರುವ ಅಡ್ಡಪಟ್ಟಿ, ವರಲೆ ಎಂದರೆ ಗೆದ್ದಲು. ತೊಲೆ ಗಟ್ಟಿ ಎಂದ ಮೇಲೆ ಶೀಟಿನ ಮಾತು ನಿಂತಿತು.

ಒಟ್ಟು ಅಂದಾಜು ಮೂರು ಲಕ್ಷ ತೊಂಬತ್ತು ಸಾವಿರ. ಇಲ್ಲಿ ಎದುರಾದ ಒಂದು ತೊಡಕು ಬೇರೆ ಸಂಘಗಳಿಗೂ ಬರಬಹುದು. ಕೊಲ್ಲಿ ದೇಶಗಳಲ್ಲಿರುವ ನಮ್ಮವರು ಭಾರತದ ಪಾಸ್‌ಪೋರ್ಟಿನವರು. ಅವರು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಆದರೆ ಇಂಗ್ಲೆಂಡಿನಲ್ಲಿರುವ ನಮ್ಮ ತರಗತಿಯವನೊಬ್ಬನ ಅಪ್ಪ ಹುಟ್ಟಿದ್ದು 1961ಕ್ಕಿಂತ ಮೊದಲಿನ, ಪೋರ್ಚುಗೀಸರ ಕೈಯಲ್ಲಿದ್ದ ಗೋವಾದ ಕಾಣಕೋಣದಲ್ಲಿ. ಆ ಆಧಾರದಲ್ಲಿ ಅವನು ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋದವನು. ಕಾನೂನಿನ ಕಣ್ಣಿಗೆ ಅವನು ವಿದೇಶಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ 2010ರ ನೋಂದಣಿಯಾಗಲಿ ಮುಂಗಡ ಅನುಮತಿಯಾಗಲಿ ಇಲ್ಲದ ಸಂಘ ಅವನಿಂದ ಒಂದು ರೂಪಾಯಿಯೂ ತೆಗೆದುಕೊಳ್ಳುವ ಹಾಗಿಲ್ಲ, ಮತ್ತು ಆ ನೋಂದಣಿಗೆ ಸಂಘಕ್ಕೆ ಮೂರು ವರ್ಷವಾದರೂ ಆಗಿರಬೇಕು. ಹಾಗಾದರೆ ಹೆಂಚನ್ನೇ ಕೊಡಿಸುತ್ತೇನೆ ಎಂದ. ವಸ್ತು ಕೊಟ್ಟರೂ ಅದು ದೇಣಿಗೆಯೇ ಎಂದು ನಮ್ಮ ಆಡಿಟರ್ ಹೇಳಿದರು. ಅವನು ಕಳಿಸಿದ್ದ ಹಣ ವಾಪಸು ಮಾಡಿದ ದಿನ ನನಗೆ ಊಟ ಸೇರಲಿಲ್ಲ. ಬಡಿಸುವ ಪಾಳಿಯಲ್ಲಿ ಎರಡು ವರ್ಷ ನನ್ನ ಜತೆಗಾರನಾಗಿದ್ದವನು ಅವನು.

2025ರ ಎಪ್ರಿಲ್ ಕೊನೆಗೆ, ರಜೆ ಬಿದ್ದ ಮೇಲೆ ಹೆಂಚು ಇಳಿಸಿದೆವು. ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಗಳ ಅಚ್ಚು ಇರುವ ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರು ಮಾಡಿದ ಈ ಹೆಂಚು ಮಚವೆಗಳಲ್ಲಿ, ಅಂದರೆ ಸರಕಿನ ಹಾಯಿದೋಣಿಗಳಲ್ಲಿ, ಕಡಲ ಮೇಲೇ ನಮ್ಮ ಬಂದರುಗಳಿಗೆ ಬರುತ್ತಿತ್ತು. ಒಟ್ಟು ಬೇಕಾದದ್ದು ಸುಮಾರು 2,700. ಹಳೆಯದರಲ್ಲಿ ಎಷ್ಟು ಉಳಿಯುತ್ತದೆ ಎಂದು ಆರಿಸಬೇಕಿತ್ತು. ನಮ್ಮ ಸಿದ್ದಿ ಗೆಳೆಯ ಯಲ್ಲಾಪುರದಿಂದ ಒಂದು ವಾರದ ರಜೆ ಹಾಕಿ ಬಂದಿದ್ದ. ಸಿದ್ದಿಗಳ ಡಮಾಮಿ ಡೋಲು ಬಾರಿಸುವ ಮನೆತನ ಅವನದು. ಅವನು ಅಂಗಳದ ಹಲಸಿನ ಮರದ ಬುಡದಲ್ಲಿ ಕೂತು, ಒಂದೊಂದೇ ಹೆಂಚನ್ನು ಎಡಗೈಯ ತುದಿಬೆರಳುಗಳಲ್ಲಿ ಎತ್ತಿ ಹಿಡಿದು, ಬಲಗೈಯ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದ. ಟಣ್ ಎಂದರೆ ಬಲಕ್ಕೆ. ಸದ್ದು ಒಳಗೇ ಸತ್ತರೆ, ಕಣ್ಣಿಗೆ ಬಿರುಕು ಕಾಣದಿದ್ದರೂ ಎಡಕ್ಕೆ. ನನಗೆ ಅನುಮಾನ ಬಂದು ಎಡದ ರಾಶಿಯಿಂದ ಒಂದನ್ನು ತೆಗೆದು ನೀರು ಹಾಕಿ ನೋಡಿದೆ. ಸ್ವಲ್ಪ ಹೊತ್ತಿಗೆ ಕೂದಲೆಳೆಯಂಥ ಗೆರೆಯೊಂದು ಅಡ್ಡಕ್ಕೆ ಒದ್ದೆಯಾಗಿ ಮೂಡಿತು. ಮತ್ತೆ ಪರೀಕ್ಷೆ ಮಾಡಲಿಲ್ಲ. ಮೂರು ದಿನ ಕೂತು ಅವನು ಎಲ್ಲವನ್ನೂ ತಟ್ಟಿದ. ಬಲದ ರಾಶಿಯಲ್ಲಿ 1,900 ಉಳಿದವು.

ಉಳಿದ 800ಕ್ಕೆ ಹೊಸ ಹೆಂಚು ತಂದರೆ ಕೂರುವುದಿಲ್ಲ. ಒಂದು ಕಾರ್ಖಾನೆಯ ಅಚ್ಚಿಗೂ ಇನ್ನೊಂದಕ್ಕೂ ಅಳತೆಯಲ್ಲಿ ಕೂದಲಷ್ಟು ವ್ಯತ್ಯಾಸ ಇದ್ದರೂ ಅಂಚಿನ ಗಾಡಿಗೆ ಗಾಡಿ, ಅಂದರೆ ತೋಡಿಗೆ ತೋಡು, ಸೇರದೆ ನೀರು ಒಳಬರುತ್ತದೆ. ಗುಂಪಿನಲ್ಲಿ ಅಚ್ಚಿನ ಫೋಟೊ ಹಾಕಿದೆವು. ಕುಮಟಾದಲ್ಲಿ ಹಳೆ ಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟುತ್ತಿದ್ದ 1978ರ ಬ್ಯಾಚಿನ ಹಿರಿಯರೊಬ್ಬರು ಅದೇ ಅಚ್ಚಿನ ಹೆಂಚು ತಮ್ಮ ಹಿತ್ತಲಲ್ಲಿದೆ ಎಂದರು. ಹಣ ಕೇಳಲಿಲ್ಲ. ಲಾರಿಗೆ ಹೆಂಚು ಹೇರುವಾಗ ಪಕ್ಕದಲ್ಲೇ ನಿಂತಿದ್ದರು. “ನಮ್ಮ ಅಪ್ಪ ಹೊದೆಸಿದ್ದು. ಮಕ್ಕಳ ತಲೆ ಮೇಲೇ ಹೋಗ್ತದಲ್ಲ, ಸಾಕು” ಎಂದು ಹೇಳಿ ಒಳಗೆ ಹೋದರು.

ಪಾಚಿ ತಿಕ್ಕುವುದು, ರೀಪಿಗೆ ಗೇರೆಣ್ಣೆ ಹಚ್ಚುವುದು, ಹೆಂಚು ಕೈಯಿಂದ ಕೈಗೆ ದಾಟಿಸುವುದು, ಅಡುಗೆ. ಇಷ್ಟಕ್ಕೂ ಜನ ಬೇಕು. ವಾಟ್ಸಾಪಿನಲ್ಲಿ ಬನ್ನಿ ಬನ್ನಿ ಎಂದರೆ ಒಂದು ದಿನ ಮೂವತ್ತು ಜನ, ಮರುದಿನ ಇಬ್ಬರು. ನಾಲ್ಕನೇ ದಿನ ಅಡುಗೆಮನೆಯ ಗೋಡೆಯ ಹತ್ತಿರ ನಿಂತು ಏನು ಮಾಡುವುದು ಎಂದು ಯೋಚಿಸುತ್ತಿದ್ದಾಗ ಆ ಹಲಗೆ ಕಣ್ಣಿಗೆ ಬಿತ್ತು. ಮಾಸಿ ಹೋಗಿತ್ತು, ಲಾಟೀನು ಎಂಬ ಅಕ್ಷರ ಅರ್ಧ ಅಳಿದಿತ್ತು. ಒದ್ದೆ ಬಟ್ಟೆ ತಂದು ಒರೆಸಿ, ಮರುದಿನದ ಕೆಲಸಗಳನ್ನೂ ಇಬ್ಬಿಬ್ಬರ ಹೆಸರನ್ನೂ ಬರೆದು ಫೋಟೊ ತೆಗೆದು ಗುಂಪಿಗೆ ಹಾಕಿದೆ. ಒಬ್ಬ ಡಾಕ್ಟರು, ಅವರ ಜತೆಗೆ ರಿಕ್ಷಾ ಓಡಿಸುವವ. ಒಬ್ಬ ವಕೀಲ, ಜತೆಗೆ ಬೈತಖೋಲ ಬಂದರಿನಲ್ಲಿ ಬೋಟಿಗೆ ಹೋಗುವವ. ಮರುದಿನ ಬೆಳಿಗ್ಗೆ ಹೆಸರಿದ್ದ ಹನ್ನೆರಡು ಜನರಲ್ಲಿ ಹನ್ನೊಂದು ಜನ ಬಂದರು. ಹನ್ನೆರಡನೆಯವನು ಅಣ್ಣನನ್ನು ಕಳಿಸಿದ್ದ.

ಇಂಗ್ಲೆಂಡಿನವನು ಮೇ ಎರಡನೇ ವಾರ ರಜೆಗೆ ಬಂದ. ಕೈ ಚಾಚಿ ಹೆಂಚು ದಾಟಿಸಲು ಯಾವ ಕಾಯ್ದೆಯೂ ಅಡ್ಡಿಯಿರಲಿಲ್ಲ. ಒಂಬತ್ತು ದಿನ ನಿಂತ. ಕೊನೆಗೆ ಅಂಗೈ ಬೊಬ್ಬೆಯೆದ್ದು ಚಮಚದಲ್ಲಿ ಊಟ ಮಾಡುತ್ತಿದ್ದ. ಮಾವಶಿ ಅವನಿಗೆ ಕೊಂಕಣಿಯಲ್ಲಿ ಬೈದು ಕೊಬ್ಬರಿ ಎಣ್ಣೆ ಹಚ್ಚಿದಳು.

ಜೂನ್ ಮೊದಲ ವಾರದವರೆಗೆ ಸಮಯ ಇದೆ ಎಂಬ ಲೆಕ್ಕ ನಮ್ಮದು. ಮೇ ಮೂರನೇ ವಾರದಲ್ಲೇ ಕಡಲ ಕಡೆಯಿಂದ ಕಪ್ಪಗೆ ಬಂತು. ಪಡುವಣ ಮಗ್ಗುಲಿಗೆ ಹೆಂಚು ಆಗಿತ್ತು, ಮೂಡಣ ಮಗ್ಗುಲು ಬರೀ ರೀಪು. ಸಂಜೆ ನಾಲ್ಕೂವರೆಗೆ ಮೊದಲ ಹನಿ. ಬೈತಖೋಲದವನು ಫೋನ್ ಹಿಡಿದು ಓಡಿದ. ಅರ್ಧ ತಾಸಿಗೆ ಟೆಂಪೋದಲ್ಲಿ ಆರು ಜನ, ಬೋಟು ಮುಚ್ಚುವ ಟಾರ್ಪಾಲು, ಬಲೆಯ ಹಗ್ಗ. ಅವರಲ್ಲಿ ಇಬ್ಬರು ಮಾತ್ರ ನಮ್ಮ ಶಾಲೆಯವರು. ಒದ್ದೆ ರೀಪಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಾ, ಗಾಳಿಗೆ ಟಾರ್ಪಾಲು ಪಟಪಟಿಸುತ್ತಿದ್ದರೂ ಒಬ್ಬನ ಮಾತಿಗೆ ಇನ್ನೊಬ್ಬ ಎಳೆದು ಕಟ್ಟಿದರು. ಆ ಗಂಟು ನಾನು ಚಿಕ್ಕಂದಿನಲ್ಲಿ ಅಪ್ಪನ ಕೈಯಲ್ಲಿ ನೋಡಿದ್ದು. ರಾತ್ರಿಯಿಡೀ ಹೊಯ್ಯಿತು. ಬೆಳಿಗ್ಗೆ ಹಾಲ್‌ನಲ್ಲಿ ಒಂದು ಕಡೆ ಮಾತ್ರ, ಅಂಗೈಯಗಲ ಒದ್ದೆ.

ಮೇ 24ಕ್ಕೆ ಮುಂಗಾರು ಕೇರಳ ಮುಟ್ಟಿತು ಎಂದು ಸುದ್ದಿ ಬಂತು, ವಾಡಿಕೆಗಿಂತ ಎಂಟು ದಿನ ಮೊದಲು. ಮಳೆ ಬಿಟ್ಟ ಗಳಿಗೆಗಳಲ್ಲೇ ಟಾರ್ಪಾಲು ಸರಿಸಿ ಸರಿಸಿ ಹೆಂಚು ಹೊದೆಸಿ, ಶಾಲೆ ತೆರೆಯುವ ಹಿಂದಿನ ದಿನ ಮೂಲೆ ಹೆಂಚು ಕೂರಿಸಿದೆವು.

ಮಾಡು ಮುಗಿದ ಮೇಲೆ ಹಲಗೆ ಒರೆಸಲು ಯಾರಿಗೂ ಮನಸ್ಸಾಗಲಿಲ್ಲ. ಈ ಸಲ ಫಾದರ್‌ ಅವರನ್ನು ಕೇಳಿದೆವು, ಏನು ಬೇಕು ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಶನಿವಾರ ಮಧ್ಯಾಹ್ನದ ಮೇಲೆ ಮಕ್ಕಳ ಜತೆ ಕೂರುವವರು ಬೇಕು” ಎಂದರು. ಬೋರ್ಡಿಂಗಿನಲ್ಲಿ ಈಗ 38 ಹುಡುಗರು. ಸಿದ್ದಿ ಮಕ್ಕಳಿದ್ದಾರೆ, ಮೀನುಗಾರರ ಮಕ್ಕಳಿದ್ದಾರೆ, ಘಟ್ಟದ ಮೇಲಿನಿಂದ ಕೂಲಿಗೆ ಬಂದವರ ಮಕ್ಕಳೂ ಇದ್ದಾರೆ. ಆರನೇ ತರಗತಿಗೆ ಬಂದರೂ ಭಾಗಾಕಾರ ಬಾರದವರು ಇದ್ದಾರೆ.

ಆದರೆ ಬರುವ ಪ್ರತಿಯೊಬ್ಬನೂ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಬೇಕು ಎಂದರು ಫಾದರ್. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಮಕ್ಕಳ ರಕ್ಷಣೆಯ ನಿಯಮಗಳಿಗೆ, 2012ರ ಪೋಕ್ಸೊ ಕಾಯ್ದೆ ಓದಿ ತಿಳಿದಿದ್ದೇನೆ ಎಂಬುದಕ್ಕೆ ಸಹಿ ಹಾಕಬೇಕು. ಮಲಗುವ ಹಾಲ್‌ನಲ್ಲಿ ಒಬ್ಬನೇ ಮಗುವಿನ ಜತೆ ಇರಬಾರದು, ಮಕ್ಕಳ ಫೋಟೊ ಗುಂಪಿಗೆ ಹಾಕಬಾರದು. ಮೂರ್ನಾಲ್ಕು ಜನರಿಗೆ ಸಿಟ್ಟು ಬಂತು. ನಾವು ಬೆಳೆದ ಮನೆಗೆ ಹೋಗಲು ಪೊಲೀಸರ ಚೀಟಿಯೇ ಎಂದರು. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಫಾದರ್ ಮಾಡಿದ್ದೇ ಸರಿ. ಮಗುವನ್ನು ಅಲ್ಲಿ ಬಿಟ್ಟು ಹೋಗುವ ತಾಯಿಗೆ ನಾವು ಯಾರು, ಯಾವ ಬ್ಯಾಚು ಎಂಬುದು ಗೊತ್ತಿರುವುದಿಲ್ಲ. ಡಾಕ್ಟರು ಎಲ್ಲರಿಗಿಂತ ಮೊದಲು ತಮ್ಮ ಪ್ರಮಾಣಪತ್ರ ತಂದು ಕೊಟ್ಟರು. ಆಮೇಲೆ ಮಾತು ತಣ್ಣಗಾಯಿತು. ಸಿಟ್ಟಾದವರಲ್ಲಿ ಒಬ್ಬ ಇನ್ನೂ ಬಂದಿಲ್ಲ, ಅವನ ಹೆಸರಿಗೆ ಜಾಗ ಇಟ್ಟಿದ್ದೇವೆ.

ಈಗ ಶನಿವಾರಕ್ಕೆ ಇಬ್ಬರು. ಎರಡು ತಿಂಗಳಿಗೊಮ್ಮೆ ಪಾಳಿ ಬರುತ್ತದೆ. ಹಲಗೆಯ ಎಡಗಡೆ ಲಾಟೀನು ಎಂಬುದರ ಕೆಳಗೆ ಮಕ್ಕಳೇ ‘ಶನಿವಾರ’ ಎಂದು ಏಳನೇ ಸಾಲು ಸೇರಿಸಿದ್ದಾರೆ.

ಹೋದ ಸಲ ನನ್ನ ಪಾಳಿಗೆ ಅರ್ಗಾದವನು ಜತೆಗಾರ. ಆರನೇ ತರಗತಿಯ ಒಬ್ಬ ಹುಡುಗನಿಗೆ ಭಾಗಾಕಾರ ಹೇಳುತ್ತಿದ್ದೆ. ಪುಸ್ತಕದ ಲೆಕ್ಕ ಅವನಿಗೆ ಹಿಡಿಸುತ್ತಿರಲಿಲ್ಲ. ಹೊರಗೆ ಮಳೆ. ಇಬ್ಬರೂ ಗೋಡೆಗೆ ಒರಗಿ ತಲೆ ಎತ್ತಿದೆವು. ಈ ಮಾಡಿಗೆ 2,610 ಹೆಂಚು, ಎರಡೂ ಮಗ್ಗುಲಿಗೆ ಸೇರಿ ಮೂವತ್ತು ಸಾಲು, ಒಂದು ಸಾಲಿಗೆ ಎಷ್ಟು ಎಂದು ಕೇಳಿದೆ. ನಾಲಿಗೆ ಕಚ್ಚಿಕೊಂಡು ಸ್ಲೇಟಿನ ಮೇಲೆ ಬಹಳ ಹೊತ್ತು ಮಾಡಿದ. 87 ಬಂತು. ನಂಬಿಕೆ ಬರದೆ ಎದ್ದು ನಿಂತು, ಹಾಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾ, ಬೆರಳು ತೋರಿಸುತ್ತಾ ಒಂದು ಸಾಲು ಎಣಿಸಿದ. ಓಡಿ ಬಂದು, “ಸರ್, ಎಂಬತ್ತಾರೇ ಇದೆ. ಒಂದು ಕಡಿಮೆ” ಎಂದ.

ಅರ್ಗಾದವನು ಆ ಕಡೆಯಿಂದ ಕೇಳಿದ: “ಗಾಜಿನ ಹೆಂಚು ಲೆಕ್ಕಕ್ಕೆ ತಗಂಡ್ಯಾ ತಮಾ?”

ಹುಡುಗ ತಲೆ ಎತ್ತಿದ. ಮಳೆಯ ನೀರು ಹರಿಯುತ್ತಿದ್ದ ಆ ಒಂದು ಗಾಜಿನ ಹೆಂಚಿನಿಂದ ಅವನ ಸ್ಲೇಟಿನ ಮೇಲೆ ಬೆಳಕು ಬಿದ್ದಿತ್ತು. ಅಷ್ಟರಲ್ಲಿ ಗಂಟೆಯ ಪಾಳಿಯವನು ಸಂಜೆಯ ಗಂಟೆ ಹೊಡೆದ.